ಎರಡನೇ ಈಡಿನ ಬಂದೂಕು

ಅರಸೀಕೆರೆಯ ಪೂರ್ವಕ್ಕೆ, ನಾಗವಾರ ಗುಡ್ಡಗಳ ಆಸುಪಾಸಿನಲ್ಲಿ ಒಂದು ಕರಡಿ ಕಡಿಮೆ ಎಂದರೂ 12 ಜನರನ್ನು ಕೊಂದಿತ್ತು. ಸಾಯದೆ ಉಳಿದವರ ಪಾಡು ಸತ್ತವರಿಗಿಂತ ಕಡೆ. ಕರಡಿ ಹುಲಿಯ ಹಾಗೆ ಕುತ್ತಿಗೆಗೆ ಬಾಯಿ ಹಾಕುವ ಪ್ರಾಣಿಯಲ್ಲ. ಎದ್ದು ನಿಂತು ಉಗುರಿನಿಂದ ಮುಖವನ್ನೇ ಬಾಚುತ್ತದೆ. ರಸ್ತೆ ಬದಿಯ ದರ್ಗಾ ಒಂದನ್ನು ನೋಡಿಕೊಂಡಿದ್ದ ಆಲಂ ಬಕ್ಷ್ ಎಂಬ ಮುದುಕನ ಹರೆಯದ ಮಗನೂ ಇದರ ಕೈಗೆ ಸಿಕ್ಕು ಸತ್ತ. ಬೆಂಗಳೂರಿಗೆ ಸುದ್ದಿ ಹೋಯಿತು. ಬೇಟೆಗಾರ ಕೆನೆತ್ ಆಂಡರ್ಸನ್ ಬಂದ, ಬರಿಗೈಯಲ್ಲಿ ಹಿಂದಿರುಗಿದ, ಮತ್ತೆ ಬಂದ, ಕೊನೆಗೂ ಹೊಡೆದ. 1957ರಲ್ಲಿ ಬಂದ ಅವನ ಎರಡನೇ ಶಿಕಾರಿ ಪುಸ್ತಕದಲ್ಲಿ ಈ ಪ್ರಸಂಗ ಇದೆ.

ಕರಡಿಗೆ ಇಂಥ ಹುಚ್ಚು ಯಾಕೆ ಹಿಡಿಯಿತು ಎಂಬುದಕ್ಕೆ ಊರಿನಲ್ಲಿ ಕತೆಗಳಿಗೇನೂ ಬರವಿರಲಿಲ್ಲ. ಅದು ಹೆಣ್ಣು, ಮರಿಗಳನ್ನು ಕದ್ದವರ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆ ಎಂದು ಕೆಲವರು. ಅಲ್ಲ, ಅದು ಗಂಡು, ಹೊತ್ತೊಯ್ದಿದ್ದ ಹುಡುಗಿಯನ್ನು ಊರವರು ಬಿಡಿಸಿಕೊಂಡು ಬಂದ ಸಿಟ್ಟು ಎಂದು ಇನ್ನು ಕೆಲವರು. ಕರಡಿ ಹೆಣ್ಣನ್ನು ಹೊತ್ತುಕೊಂಡು ಹೋಗಿ ಗವಿಯಲ್ಲಿ ಸಂಸಾರ ಹೂಡುವ ಕತೆ ನಮ್ಮ ಹೊಸಪೇಟೆ ಕಡೆಗೂ ಹೊಸದಲ್ಲ. ಆಂಡರ್ಸನ್ ಎರಡನ್ನೂ ಬದಿಗಿಟ್ಟು, ಹಿಂದೆ ಯಾರೋ ಇದನ್ನು ಗಾಯ ಮಾಡಿ ಬಿಟ್ಟಿರಬೇಕು ಎಂದುಕೊಂಡ. ಇಡೀ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಊಹೆಯೇ. ಯಾರೋ ಅರೆಬರೆ ಈಡು ಹೊಡೆದು ಮನೆಗೆ ಹೋಗಿದ್ದಾರೆ. ಅದನ್ನು ಪೂರ್ತಿ ಮಾಡಲು ಇನ್ನೊಬ್ಬ ಬರಬೇಕಾಯಿತು, ನಡುವೆ 12 ಹೆಣ ಬಿದ್ದವು. ಆ ಇನ್ನೊಬ್ಬನ ಕೈಯಲ್ಲಿದ್ದದ್ದು ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ .405 ರೈಫಲ್ಲು. ಲಿವರ್ ಬಂದೂಕು.

ಆಂಡರ್ಸನ್‌ನನ್ನು ಕನ್ನಡದವನನ್ನಾಗಿ ಮಾಡಿದವರು ಪೂರ್ಣಚಂದ್ರ ತೇಜಸ್ವಿ. ‘ಕಾಡಿನ ಕತೆಗಳು’ ಸರಣಿಯಲ್ಲಿ ಜಾಲಹಳ್ಳಿ, ಮಾಗಡಿ ಎಂಬ ಊರುಗಳ ಹೆಸರು ಕಂಡಾಗ, ಇವು ಒಂದು ಕಾಲಕ್ಕೆ ಚಿರತೆ ಹೊಂಚು ಹಾಕುವಂಥ ಜಾಗಗಳಾಗಿದ್ದವು ಎಂದು ಬೆಂಗಳೂರಿನ ಈಗಿನ ಹುಡುಗರು ನಂಬುವುದೇ ಇಲ್ಲ. ಆ ಪುಸ್ತಕಗಳನ್ನು ಓದಿ ಬೆಳೆದವರಿಗೆ ಹುಲಿಯ ಹೆಸರು, ಹಳ್ಳಿಯ ಹೆಸರು ಎಲ್ಲಾ ನೆನಪಿರುತ್ತದೆ. ಬಂದೂಕನ್ನು ಮಾತ್ರ ಯಾರೂ ಕೇಳುವುದಿಲ್ಲ. ಮಹಾರಾಜರ ಬೇಟೆಗೆ ಬರುತ್ತಿದ್ದ ಇಂಗ್ಲೆಂಡಿನ ಜೋಡುನಳಿಗೆಯನ್ನು ಬಿಟ್ಟು, ಅಮೆರಿಕದ ದನಗಾಹಿಗಳ ನಾಡಿನ ಬಂದೂಕು ಮೈಸೂರಿನ ಕಾಡಿಗೆ ಬಂದದ್ದು ಹೇಗೆ?

ಲಿವರ್ ಬಂದೂಕಿನ ಕೆಲಸ ನೋಡಲು ಸರಳ. ಕುದುರೆಯ ಸುತ್ತಲಿನ ಬಳೆಯೇ ಹಿಂದಕ್ಕೆ ಚಾಚಿ ಒಂದು ಹಿಡಿಯಾಗಿರುತ್ತದೆ. ಬೋರ್‌ವೆಲ್ಲಿನ ಕೈಪಂಪಿನ ಹಾಗೆ ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಆಯಿತು. ಕೆಳಕ್ಕೆ ತಳ್ಳಿದಾಗ ಖಾಲಿ ತೋಟಾ ಹಾರಿಬೀಳುತ್ತದೆ, ಬಡಿಯುವ ಸುತ್ತಿಗೆ ಹಿಂದಕ್ಕೆ ಸರಿದು ನಿಲ್ಲುತ್ತದೆ. ಮೇಲಕ್ಕೆಳೆದಾಗ ಹೊಸ ತೋಟಾ ನಳಿಗೆಯೊಳಗೆ ಕೂರುತ್ತದೆ. ಬಂದೂಕನ್ನು ಭುಜದಿಂದ ಇಳಿಸಬೇಕಿಲ್ಲ, ಕಣ್ಣನ್ನು ಗುರಿಯಿಂದ ಕೀಳಬೇಕಿಲ್ಲ.

1860ರ ಹೆನ್ರಿ ಬಂದೂಕಿನಿಂದ ಶುರುವಾದ ಈ ವಂಶದಲ್ಲಿ ಒಂದು ಕುಂದಿತ್ತು. ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಬೆನ್ನಿಗೆ ಒಂದು ಮಲಗಿರುತ್ತಿದ್ದವು. ಹಿಂದಿನ ತೋಟಾದ ಮೊನೆ ಮುಂದಿನದರ ಕೇಪಿಗೆ ತಾಗಿಕೊಂಡಿರುವುದರಿಂದ ಚೂಪು ಗುಂಡು ಹಾಕುವಂತಿಲ್ಲ. ಒಂದು ಈಡಿನ ಒದೆತಕ್ಕೆ ಕೊಳವೆಯೊಳಗೇ ಇನ್ನೊಂದು ಸಿಡಿದರೆ ಕೈ ಹೋಯಿತು. ಅದಕ್ಕೇ ಮೊಂಡು ಮೂತಿಯ ಗುಂಡು. ಜಾನ್ ಮೋಸೆಸ್ ಬ್ರೌನಿಂಗ್ 1895ರ ಮಾದರಿಯಲ್ಲಿ ಕೊಳವೆಯನ್ನೇ ತೆಗೆದು, ಕುದುರೆಯ ಮುಂದೆ ಕೆಳಗಡೆ ಒಂದು ಪೆಟ್ಟಿಗೆ ಕೂರಿಸಿದ. ತೋಟಾಗಳು ಒಂದರ ಮೇಲೊಂದು ನಿಂತವು, ಉದ್ದ ಮತ್ತು ಬಲವಾದ ತೋಟಾ ಹಾಕುವಂತಾಯಿತು. ಮೊದಲನೇ ಮಹಾಯುದ್ಧದಲ್ಲಿ ರಷ್ಯಾ ಇದನ್ನು ಸುಮಾರು 3 ಲಕ್ಷದ ಲೆಕ್ಕದಲ್ಲಿ ಕೊಂಡಿತು. ಅದಕ್ಕೂ ಮುಂಚೆ, 1904ರಲ್ಲಿ, ಇದೇ ಮಾದರಿಗೆಂದು .405 ತೋಟಾ ಬಂತು. ಅದರ ಗುಂಡು 300 ಗ್ರೇನು, ಅಂದರೆ 19 ಗ್ರಾಮಿನ ಮೇಲೆ, ವೇಗ ಸೆಕೆಂಡಿಗೆ ಸುಮಾರು 2,200 ಅಡಿ. 1909ರಲ್ಲಿ ಥಿಯೋಡರ್ ರೂಸ್ವೆಲ್ಟ್ ಇದನ್ನು ಆಫ್ರಿಕಕ್ಕೆ ಹೊತ್ತೊಯ್ದು, ಸಿಂಹಕ್ಕೆ ಇದೇ ಮದ್ದು ಎಂದು ಕೊಂಡಾಡಿದ. ಅಮೆರಿಕದ ಅಧ್ಯಕ್ಷಗಿರಿ ಮುಗಿಸಿದವನ ಬಾಯಲ್ಲಿ ಬಂದ ಜಾಹೀರಾತು. ಕಂಪನಿಗೆ ಇನ್ನೇನು ಬೇಕು.

ಇಂಡಿಯಾದಲ್ಲಿ ಬಂದೂಕು ಆರಿಸುವುದೆಂದರೆ ಪ್ರಾಣಿಗಿಂತ ಮೊದಲು ಸರ್ಕಾರದ ಮುಖ ನೋಡಬೇಕಿತ್ತು. ಸೈನ್ಯದ ತೋಟಾ ಹಾಕಿಕೊಳ್ಳುವ ಬಂದೂಕು ಜನರ ಕೈಗೆ ಬೇಡ ಎಂಬುದು ಬ್ರಿಟಿಷರ ಹಳೇ ಅಂಜಿಕೆ. 1907ರ ಸುಮಾರಿಗೆ .450 ಅಳತೆಯನ್ನು ಇಲ್ಲಿ ನಿಷೇಧಿಸಿದ್ದರಿಂದಲೇ ಇಂಗ್ಲೆಂಡಿನ ಕಮ್ಮಾರರು .470ರಂಥ ಹೊಸ ಅಳತೆಗಳನ್ನು ಹುಟ್ಟಿಸಿದರು. .303ಕ್ಕೂ ಅದೇ ಗತಿ. ಸ್ವಾತಂತ್ರ್ಯದ ಮೇಲೂ ಈಶಾಪುರದ ಸರ್ಕಾರಿ ಕಾರ್ಖಾನೆ ಜನರಿಗೆಂದು .315 ರೈಫಲ್ಲು ಮಾಡಿತು. ವಿಂಚೆಸ್ಟರಿನ .405 ಯಾವ ಸೈನ್ಯದ ತೋಟಾವೂ ಅಲ್ಲ. ಮೇಲಾಗಿ ಜೋಡುನಳಿಗೆಯನ್ನು ಲಂಡನ್ನಿನ ಕಸುಬುದಾರರು ಕೈಯಲ್ಲಿ ಮಾಡುತ್ತಿದ್ದರು, ಬೆಲೆ ರಾಜರಿಗೇ ಸರಿ. ವಿಂಚೆಸ್ಟರ್ ಕಾರ್ಖಾನೆಯ ಮಾಲು. ಆಂಡರ್ಸನ್ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಸಂಬಳಕ್ಕಿದ್ದವನು. ರಜೆ ಸಿಕ್ಕಾಗ ಸ್ಟುಡಿಬೇಕರ್ ಕಾರು ಹತ್ತಿ ಕಾಡಿಗೆ ಹೋಗಿ, ಮರದಡಿಯೋ ಮಚಾನಿನ ಮೇಲೋ ರಾತ್ರಿ ಕಳೆದು ಬರುವ ಆಸಾಮಿ. ಅವನಿಗೆ ಇದು ಹೊಂದಿಕೊಂಡದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ರಾಜರ ಬೇಟೆಯೇ ಬೇರೆ. ಸೋಹುವವರ ಸಾಲು, ಆನೆ, ಡೇರೆ, ಅಡುಗೆಯವರು, ಮಗ್ಗುಲಲ್ಲಿ ತುಂಬಿದ ಇನ್ನೊಂದು ಬಂದೂಕು ಹಿಡಿದು ನಿಂತ ಸೇವಕ. ಮೊದಲ ಈಡು ತಪ್ಪಿದರೆ ಹೊಡೆಯಲು ಹತ್ತು ಜನರಿರುತ್ತಿದ್ದರು. ಬೇಟೆಯ ವೈಭವ ನಮ್ಮ ಸೀಮೆಗೆ ಹಳೆಯದು: ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಜಿಂಕೆಯ ಬೆನ್ನು ಹತ್ತಿದ ಬೇಟೆಗಾರರು ಇವತ್ತಿಗೂ ಓಡುತ್ತಿದ್ದಾರೆ. ಬಂದೂಕು ಈ ನೆಲದ ಬರಹಕ್ಕೆ ಬಂದದ್ದು ಬೇಟೆಯಲ್ಲಲ್ಲ, ಯುದ್ಧದಲ್ಲಿ. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರ ನಿಂತ ಪೋರ್ಚುಗೀಸ್ ಬಂದೂಕುಗಾರರು ಕೋಟೆಗೋಡೆಯ ಮೇಲಿದ್ದವರನ್ನು ಗುರಿಯಿಟ್ಟು ಬೀಳಿಸಿದ್ದನ್ನು ಅವರ ನಾಡಿನವನೇ ಆದ ನೂನಿಜ್ ಬರೆದಿಟ್ಟಿದ್ದಾನೆ.

ಒಂಟಿಯಾಗಿ ಹೋಗುವವನಿಗೆ ಎರಡನೇ ಈಡು ಅವನ ಕೈಯಲ್ಲೇ ಇರಬೇಕು. ಹಾಗೆಂದು ಕೊಂಡ ಬಂದೂಕು ಕೊಂಡ ಹಾಗೇ ಕಾಡಿಗೆ ಒಗ್ಗುವುದಿಲ್ಲ. 1895ರ ಮಾದರಿಯ 24 ಅಂಗುಲದ ನಳಿಗೆ, ಮೂರೂವರೆ ಕಿಲೋ ದಾಟುವ ತೂಕ, ಮರದ ಮೇಲೆ ಮುದುಡಿ ಕೂತವನಿಗೆ ಸ್ವಲ್ಪ ಉದ್ದವೇ. ಹಗುರ ಬೇಕೆನ್ನುವವರಿಗೆ 1894ರ ಮಾದರಿ ಇತ್ತು: 20 ಅಂಗುಲದ ನಳಿಗೆ, ಮೂರು ಕಿಲೋ ಆಸುಪಾಸು, .30-30 ತೋಟಾ. ಜಿಂಕೆಗೆ ಸಾಕು, ಮೈಮೇಲೆ ಬರುವ ಕರಡಿಗೆ ಸಾಲದು. ದೊಡ್ಡದನ್ನೇ ಇಟ್ಟುಕೊಂಡರೆ ಅದರ ಒದೆತ ಸಹಿಸಬೇಕು. ಹಿಂಬದಿಯ ಉಕ್ಕಿನ ಪಟ್ಟಿ ಕಿರಿದಾದ್ದರಿಂದ ಭುಜ ನೀಲಿಗಟ್ಟುತ್ತದೆ. ಅದಕ್ಕೆ ರಬ್ಬರಿನ ಮೆತ್ತೆ ಹಾಕಿಸುವವರಿದ್ದರು. ಬೇರೆ ಬೀಗ ಇದಕ್ಕಿಲ್ಲ, ಸುತ್ತಿಗೆಯನ್ನು ಅರ್ಧಕ್ಕೆ ನಿಲ್ಲಿಸಿ ನಡೆಯಬೇಕು. ಬೆರಳು ಜಾರಿದರೆ ಅಲ್ಲಿಗೇ ಶಿಕಾರಿ ಮುಗಿಯಿತು.

ಗುರಿ ಕೂಡಿಸುವುದು ಇನ್ನೊಂದು ತಾಳ್ಮೆಯ ಕೆಲಸ. ನಮ್ಮ ಕುರುಚಲಿನಲ್ಲಿ 200 ಗಜದ ಗುರಿ ಯಾರಿಗೂ ಬೇಕಿಲ್ಲ. 50 ಗಜದೊಳಗೆ ಗುಂಡು ಅಂಗೈಯಗಲದಲ್ಲಿ ಬೀಳಬೇಕು. ನಳಿಗೆ ತಣ್ಣಗಿದ್ದಾಗ ಹೊಡೆದ ಮೊದಲ ಗುಂಡೇ ಲೆಕ್ಕಕ್ಕೆ, ಕಾಡಿನಲ್ಲಿ ಸಿಗುವುದು ಅದೊಂದೇ. ಮಚಾನಿಗೆ ಹೋಗುವವರು ನಳಿಗೆಗೆ ಟಾರ್ಚು ಕಟ್ಟುತ್ತಿದ್ದರು. ಆ ಭಾರಕ್ಕೆ ಗುಂಡು ಬೀಳುವ ಜಾಗ ಬದಲಾಗಬಹುದು, ಆದ್ದರಿಂದ ಟಾರ್ಚು ಕಟ್ಟಿಯೇ ಗುರಿ ನೋಡಬೇಕು. ಮುಂದಿನ ಗುರಿಮಣಿ ಬೆಳ್ಳಗಿದ್ದರೆ ಮುಸ್ಸಂಜೆಗೆ ಅನುಕೂಲ. ಲಿವರನ್ನು ಅಂಜುತ್ತ ಅರ್ಧಕ್ಕೆ ಎಳೆದರೆ ತೋಟಾ ಅಡ್ಡ ಸಿಕ್ಕಿಕೊಳ್ಳುತ್ತದೆ. ಪ್ರತಿ ಸಲವೂ ಕೊನೆಯವರೆಗೆ, ಗಡಸಾಗಿ ಎಳೆಯುವುದು ಕೈಗೆ ರೂಢಿಯಾಗಬೇಕು. ಆ ಕಾಲದ ಕೇಪುಗಳ ಉಪ್ಪು ನಳಿಗೆ ತಿನ್ನುತ್ತಿತ್ತು. ಹೊಡೆದ ದಿನವೇ ಬಿಸಿನೀರು ಹೊಯ್ದು ಒರೆಸಿ ಎಣ್ಣೆ ಹಚ್ಚದಿದ್ದರೆ ಮಳೆಗಾಲ ಮುಗಿಯುವುದರೊಳಗೆ ನಳಿಗೆಯ ಒಳಮೈ ಗುಂಡಿಬೀಳುತ್ತಿತ್ತು.

ಇಷ್ಟೆಲ್ಲ ರಗಳೆ ಯಾಕೆ ಎಂದರೆ, ಗಾಯ ಮಾಡಿ ಬಿಡಬಾರದು ಎಂಬುದಕ್ಕೆ. ಹೊಲ ಕಾಯುವವನ ಕೈಯಲ್ಲಿರುತ್ತಿದ್ದ ಕೇಪಿನ ಕೋವಿಗೆ ಇದೊಂದೂ ಇರಲಿಲ್ಲ. ನಳಿಗೆಯ ಬಾಯಿಂದ ಮದ್ದು, ನಾರು, ಚರೆ ತುರುಕಿ ಜಡಿದು ಹೊಡೆದರೆ ಒಂದೇ ಈಡು. ಮತ್ತೆ ತುಂಬುವುದರೊಳಗೆ ಪ್ರಾಣಿ ಮಾಯ, ಒಮ್ಮೊಮ್ಮೆ ಮನುಷ್ಯನೂ ಮಾಯ. ಶೇಂಗಾ ಹೊಲಕ್ಕೆ ನುಗ್ಗಿದ ಹಂದಿಗೆಂದು ಹಾರಿಸಿದ ಚರೆ ಕರಡಿಯ ದವಡೆಯಲ್ಲೋ ಮೊಣಕಾಲಲ್ಲೋ ಕೂತರೆ ಅದು ಸಾಯದೆ ಸಿಟ್ಟಾಗುತ್ತದೆ. ನರಭಕ್ಷಕಗಳ ಕತೆ ಬರೆದ ಕಾರ್ಬೆಟ್ಟನೂ ಆಂಡರ್ಸನ್ನನೂ ಮತ್ತೆ ಮತ್ತೆ ಬೊಟ್ಟು ಮಾಡಿದ್ದು ಇಂಥ ಹಳೇ ಗಾಯಗಳತ್ತ. ನಾವು ಓದುವಾಗ ಆ ಸಾಲುಗಳನ್ನು ಹಾರಿಸಿಕೊಂಡು ನೇರ ಮಚಾನಿಗೆ ಹೋಗಿಬಿಡುತ್ತೇವೆ.

1895ರ ಮಾದರಿಯ ತಯಾರಿ 1930ರ ದಶಕದಲ್ಲೇ ನಿಂತಿತ್ತು. ಇದ್ದವರು ಇದ್ದ ತೋಟಾಗಳನ್ನು ಜೋಪಾನ ಮಾಡಿಕೊಂಡು ನಡೆಸಿದರು. 1962ರಲ್ಲಿ ಹೊಸ ಶಸ್ತ್ರಾಸ್ತ್ರ ಕಾಯ್ದೆ ಜಾರಿಯಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಶಿಕಾರಿಯ ಕತೆಗೇ ತೆರೆ ಎಳೆಯಿತು. ಆಂಡರ್ಸನ್ ಸತ್ತದ್ದು 1974ರಲ್ಲಿ. 1972ರಲ್ಲೇ ದೇವರಾಜ ಅರಸರ ಸಂಪುಟ ಸೇರಿ ಹಣಕಾಸು ನೋಡಿಕೊಂಡ ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜಮನೆತನದಲ್ಲಿ ಹುಟ್ಟಿಯೂ ಕಾಡಿಗೆ ಹೊತ್ತೊಯ್ದದ್ದು ಕ್ಯಾಮೆರಾ. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಹೊರಬಂತು. ಕಾಡಿನಲ್ಲಿ ಕಾಯುವ ಕಷ್ಟ ಶಿಕಾರಿಗೂ ಫೋಟೊಗ್ರಾಫರನಿಗೂ ಒಂದೇ. ಫೋಟೊ ಕೆಟ್ಟರೆ ಪ್ರಾಣಿ ಕುಂಟುವುದಿಲ್ಲ ಎಂಬುದೊಂದು ವ್ಯತ್ಯಾಸ.

ಕರಡಿಗೆಂದೇ ನಮ್ಮಲ್ಲಿ ಜಾಗ ಆದದ್ದು 1994ರ ಅಕ್ಟೋಬರಿನಲ್ಲಿ. ಸಂಡೂರು ತಾಲ್ಲೂಕಿನ ದರೋಜಿಯಿಂದ ಕಂಪ್ಲಿ ಮಗ್ಗುಲಿನ ರಾಮಸಾಗರದವರೆಗಿನ ಬಂಡೆಗುಡ್ಡಗಳಲ್ಲಿ ಬಿಳಿಕಲ್ಲು ಕಾಡಿನ 5,587 ಹೆಕ್ಟೇರನ್ನು ಕರಡಿಧಾಮ ಮಾಡಿದರು. 2009ರಲ್ಲಿ ಬುಕ್ಕಸಾಗರದ ಕಾಡನ್ನೂ ಸೇರಿಸಿ ಅದನ್ನು 82 ಚದರ ಕಿ.ಮೀ. ದಾಟಿಸಿದರು. ಜಾಂಬವಂತನ ಸೀಮೆ ಎನ್ನಲು ಸರ್ಕಾರಿ ಕಾಗದ ಬೇಕಿರಲಿಲ್ಲ, ಉಳಿಸಲು ಬೇಕಾಯಿತು. ಕವಳಿ, ಬಾರಿ, ಉಲುಪಿ ಹಣ್ಣು, ಗೆದ್ದಲು, ಜೇನು ಇಲ್ಲಿ ಕರಡಿಯ ಊಟ. ಇದರ ಮೇಲೆ ಸಿಬ್ಬಂದಿ ಮಧ್ಯಾಹ್ನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುತ್ತಾರೆ, ಕರಡಿಗಳು ಇಳಿದು ಬಂದು ನೆಕ್ಕುತ್ತವೆ, ಎದುರಿನ ಗೋಪುರದಲ್ಲಿ ಜನ ಮೊಬೈಲು ಎತ್ತುತ್ತಾರೆ. ಬೆಲ್ಲದ ಆಸೆಗೆ ಕಟ್ಟಿಹಾಕಿದ ಈ ದರ್ಶನ ನನಗೆ ಅಷ್ಟೇನೂ ಹಿಡಿಸದು. ಆದರೂ ನಾಗವಾರದ ಕತೆ ಓದಿ ಅಲ್ಲಿ ನಿಂತರೆ, ಮರಿಯನ್ನು ಬೆನ್ನಿಗೆ ಹಾಕಿಕೊಂಡು ಬಂಡೆ ಇಳಿಯುವ ತಾಯಿಯನ್ನು ನೋಡಿ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ.

ಅನುಮತಿಯಿಲ್ಲದೆ ಧಾಮದೊಳಗೆ ಬಂದೂಕು ಒಯ್ಯುವುದು ಈಗ ಅಪರಾಧ. ಅದು ಸರಿಯೇ. ಆದರೆ ಕಂಪ್ಲಿ ಕಡೆಯ ಕಬ್ಬು, ಬಾಳೆ ಕಾಡಿನ ಅಂಚಿಗೆ ಬಂದಿವೆ. ಈ ನಾಡಿನಲ್ಲಿ ಕಾಡಿನ ಅಂಚಿನ ಹೊಲ ಕಾಯುವುದು ಈಗ ಉರುಳು, ತಂತಿಗೆ ಬಿಟ್ಟ ಕರೆಂಟು, ಹಂದಿಗೆ ಇಡುವ ಸಿಡಿಮದ್ದು. ಇವುಗಳಿಗೆ ಹಂದಿ ಯಾವುದು, ಕರಡಿ ಯಾವುದು ಗೊತ್ತಾಗುವುದಿಲ್ಲ. ಕೇಪಿನ ಕೋವಿಯವನಾದರೂ ಬೆಳಗಾದ ಮೇಲೆ ರಕ್ತ ಬಿದ್ದಿದೆಯೇ ಎಂದು ಹೊಲದಲ್ಲಿ ಹುಡುಕುತ್ತಿದ್ದ; ಸಿಡಿಮದ್ದು ಇಟ್ಟವನು ಕೇಸು ಬಿದ್ದೀತೆಂದು ಆ ಕಡೆ ತಲೆಯನ್ನೂ ಹಾಕುವುದಿಲ್ಲ.