ಬಿಸಿಲಲ್ಲಿ ದಣಿಯುವ ಫೈಬರ್

ಯಂತ್ರದ ಎರಡು ಹಿಡಿಗಳ ನಡುವೆ ಸಿಕ್ಕಿಸಿದ್ದ ಪಟ್ಟಿ ಗೇಣಿಗಿಂತ ತುಸು ಉದ್ದ, ಒಂದು ಇಂಚು ಅಗಲ. ಗಾಜಿನ ನಾರನ್ನು ಎಪಾಕ್ಸಿ ಅಂಟಿನಲ್ಲಿ ಹಾಸಿ ಮಾಡಿದ್ದು. ಸೆಕೆಂಡಿಗೆ ಐದು ಸಲ ಯಂತ್ರ ಅದನ್ನು ಎಳೆಯುತ್ತಿತ್ತು, ಬಿಡುತ್ತಿತ್ತು. ಬೆಳಿಗ್ಗೆ ಹಾಕಿದಾಗ ಆಚೆಯ ಟ್ಯೂಬ್‌ಲೈಟಿನ ಬೆಳಕು ಹಾಯುವಷ್ಟು ತಿಳಿಯಾಗಿತ್ತಂತೆ. ಬೆಂಗಳೂರಿನ ಆ ಪ್ರಯೋಗಾಲಯಕ್ಕೆ ನಾನು ಹೋದ ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ನೀರು ಮಜ್ಜಿಗೆಯ ಬಣ್ಣ ಬಂದಿತ್ತು. ಹತ್ತಿರ ಬಗ್ಗಿ ನೋಡಿದರೆ ಕೂದಲೆಳೆಯಂಥ ಬಿಳಿ ಗೆರೆಗಳು, ಅಡ್ಡಡ್ಡ.

“ನಾರು ಇನ್ನೂ ಗಟ್ಟಿಯಾಗಿದೆ ಸರ್, ಬಿರುಕು ಬಿಟ್ಟಿರೋದು ಅಂಟು” ಎಂದರು ಪರೀಕ್ಷೆ ನಡೆಸುತ್ತಿದ್ದ ಸಂಶೋಧಕಿ. ನಾನು ಕೈ ಚಾಚಿದೆ. “ಮುಟ್ಟಬೇಡಿ, ಬಿಸಿಯಿದೆ.”

ಅದನ್ನು ಯಾರೂ ಕಾಯಿಸಿರಲಿಲ್ಲ! ಎಳೆದು ಬಿಟ್ಟಾಗಲೆಲ್ಲ ಅಂಟು ಒಂದಿಷ್ಟು ಶಕ್ತಿಯನ್ನು ನುಂಗಿ ಶಾಖವಾಗಿಸುತ್ತದೆ. ಆ ಶಾಖ ಬೇಗ ಹೊರಹೋಗುವುದೂ ಇಲ್ಲ. ಅವಸರ ಮಾಡಿ ವೇಗ ಹೆಚ್ಚಿಸಿದರೆ ಪಟ್ಟಿ ತನ್ನ ಬಿಸಿಯಿಂದಲೇ ಸೋತುಬಿಡುತ್ತದೆ, ದಣಿವಿನ, ಅಂದರೆ ಮತ್ತೆ ಮತ್ತೆ ಬೀಳುವ ಭಾರಕ್ಕೆ ವಸ್ತು ಸೋಲುವುದರ, ಲೆಕ್ಕ ಸಿಗುವುದೇ ಇಲ್ಲ. ಹಾಗಾಗಿ ಸೆಕೆಂಡಿಗೆ ಐದರ ಆಸುಪಾಸಿನಲ್ಲೇ ಓಡಿಸಬೇಕು. ಅಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದೆವು. ಇಂಥದ್ದೇ ಫೈಬರಿನಿಂದ ಮಾಡಿದ ಗಾಳಿಯಂತ್ರದ ರೆಕ್ಕೆ ನಿಮಿಷಕ್ಕೆ 15 ಸುತ್ತಿನಂತೆ 20 ವರ್ಷ ಬಿಡದೆ ತಿರುಗಿದರೆ 15 ಕೋಟಿ ಸುತ್ತು ದಾಟುತ್ತದೆ. ಅಷ್ಟನ್ನು ಈ ಯಂತ್ರದಲ್ಲಿ ಓಡಿಸಲು ಸರಿಯಾಗಿ ಒಂದು ವರ್ಷ. ಅದೂ ಒಂದೇ ಪಟ್ಟಿ, ಒಂದೇ ಭಾರ, ಒಂದೇ ಉಷ್ಣತೆಗೆ.

ಲೋಹದ ದಣಿವನ್ನು ಜರ್ಮನಿಯ ಆಗಸ್ಟ್ ವೋಲರ್ 19ನೇ ಶತಮಾನದಲ್ಲೇ ರೈಲಿನ ಅಚ್ಚುಗಳ ಮೇಲೆ ಅಳೆದಿದ್ದ. ಎಪಾಕ್ಸಿಯಂಥ ಪಾಲಿಮರಿಗೆ ಇನ್ನೊಂದು ಕಾಟವಿದೆ, ಕ್ರೀಪ್. ಭಾರ ಅಲುಗಾಡದಿದ್ದರೂ ವಸ್ತು ಮೆಲ್ಲಗೆ ಜಗ್ಗುತ್ತ ಹೋಗುತ್ತದೆ, ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹಗ್ಗದ ಹಾಗೆ. ಇದನ್ನು ಅಳೆಯಲು ಅಮೆರಿಕದ ವಿಲಿಯಂ ಫಿಂಡ್ಲಿ ತೋರಿದ ತಾಳ್ಮೆಯನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಪಿವಿಸಿ ಮತ್ತು ಪಾಲಿಥೀನ್ ಕೊಳವೆಗಳ ಮೇಲೆ ಭಾರ ಹೇರಿ 26 ವರ್ಷ ಹಾಗೇ ಬಿಟ್ಟು ಅಳೆದರು. ಫಲಿತಾಂಶ ಅಚ್ಚಾದದ್ದು 1987ರಲ್ಲಿ. ಮೊದಲ 2,000 ಗಂಟೆಗಳ ಅಳತೆಯಿಂದ ಬರೆದ ಸೂತ್ರ 2,30,000 ಗಂಟೆಗಳವರೆಗೂ ಹೆಚ್ಚುಕಡಿಮೆ ಹೊಂದಿಕೊಂಡಿತ್ತು. ಮೂರು ತಿಂಗಳ ಅಳತೆ ಕಾಲು ಶತಮಾನದ ಭವಿಷ್ಯ ಹೇಳಿತ್ತು.

ಎಲ್ಲರಿಗೂ 26 ವರ್ಷ ಕಾಯಲಾಗದು. 1955ರಲ್ಲಿ ವಿಲಿಯಮ್ಸ್, ಲ್ಯಾಂಡೆಲ್, ಫೆರ್ರಿ ಕೊಟ್ಟ ಸೂತ್ರ ಇಲ್ಲಿ ಕೈಹಿಡಿಯುತ್ತದೆ: ಪಾಲಿಮರಿಗೆ ಬಿಸಿ ಏರಿಸುವುದೂ ಒಂದೇ, ಕಾಲ ಉರುಳಿಸುವುದೂ ಒಂದೇ. ಬಿಸಿಯಲ್ಲಿ ಕೆಲವು ಗಂಟೆ ಅಳೆದು ತಂಪಿನ ವರ್ಷಗಳನ್ನು ಓದಬಹುದು. ಜಪಾನಿನ ಕನಜಾವಾದಲ್ಲಿ ಯಾಸುಶಿ ಮಿಯಾನೊ ಮತ್ತು ಸಂಗಡಿಗರು ಇದನ್ನು ನಾರು ಹಾಸಿದ ಪಾಲಿಮರಿಗೂ ತಂದರು. ಭಾರದ ಕನಿಷ್ಠಕ್ಕೂ ಗರಿಷ್ಠಕ್ಕೂ ಇರುವ ಅನುಪಾತ ಒಂದಾದರೆ ಏರಿಳಿತವೇ ಇರುವುದಿಲ್ಲ; ಆಗ ದಣಿವು ಎಂಬುದೇ ಕ್ರೀಪ್ ಆಗುತ್ತದೆ. ಬೇರೆ ಬೇರೆ ಎಂದುಕೊಂಡಿದ್ದ ಎರಡು ರೋಗಗಳನ್ನು ಒಂದೇ ಗೆರೆಯ ಮೇಲೆ ಕೂರಿಸಿದ ಈ ಯೋಚನೆ ನನಗೆ ಬಹಳ ಇಷ್ಟ.

ಆದರೆ ಇಷ್ಟವಾಯಿತೆಂದು ಪೂರ್ತಿ ನಂಬಲಾರೆ. ಅಂಟಿಗೆ ವಯಸ್ಸಾಗುತ್ತದೆ, ಅದು ಮಳೆಗಾಲದ ತೇವ ಹೀರುತ್ತದೆ, ಮೆತ್ತಗಾಗುವ ಉಷ್ಣತೆ ಅದರಿಂದ ಕೆಳಗಿಳಿಯುತ್ತದೆ. ಕಾಲದ ಬದಲು ಬಿಸಿ ಎಂಬ ಲೆಕ್ಕಕ್ಕೆ ಇವೆಲ್ಲ ತಾವಾಗಿ ಸೇರುವುದಿಲ್ಲ. ಒಂದೊಂದು ಭಾರದ ಹಾನಿಯನ್ನು ಸುಮ್ಮನೆ ಕೂಡುತ್ತ ಹೋಗುವ ಮೈನರ್‌ನ ನಿಯಮದ ಮೇಲಂತೂ ನನಗೆ ಭರವಸೆ ಕಡಿಮೆ. ದೊಡ್ಡ ಹೊಡೆತ ಮೊದಲು ಬಿತ್ತೋ ಕೊನೆಗೆ ಬಿತ್ತೋ ಅದು ಕೇಳುವುದೇ ಇಲ್ಲ. ನಾನು ಕಂಡ ಪಟ್ಟಿಯಂಥವಕ್ಕೆ ಆ ವ್ಯತ್ಯಾಸ ತಿಳಿಯುತ್ತದೆ.

ಪ್ರಯೋಗಾಲಯದ ಮಾಮೂಲಿ ಉಷ್ಣತೆ 23 ಡಿಗ್ರಿ. ಚಿತ್ರದುರ್ಗದ ಜೋಗಿಮಟ್ಟಿಯ ಗುಡ್ಡಸಾಲಿನಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತವರಿಗೆ ಆ ಅಂಕಿ ಎಷ್ಟು ದೂರದ್ದೆಂದು ಗೊತ್ತು. ಅಲ್ಲಿಗೆ ಹೋದಾಗ ಗಾಳಿಯಂತ್ರದ ಒಂದು ರೆಕ್ಕೆಯನ್ನೇ ಕಣ್ಣಿಂದ ಹಿಂಬಾಲಿಸಿ. ಇಳಿಯುವಾಗ ತನ್ನ ತೂಕಕ್ಕೆ ಒಂದು ಕಡೆ ಬಾಗುತ್ತದೆ, ಏರುವಾಗ ಇನ್ನೊಂದು ಕಡೆ. ಬಾಗುವುದು ನಿಮಗೆ ಕಾಣಿಸದು, ಆದರೆ ಪ್ರತಿ ಸುತ್ತಿಗೂ ಅದು ನಡೆಯುತ್ತಲೇ ಇರುತ್ತದೆ.