ಗಾನವೃಂದದ ಗಿಟಾರಿಗೆ ಎಷ್ಟು ವ್ಯಾಟ್ ಸಾಕು?

ನವೆಂಬರ್ 22 ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಳ ಹಬ್ಬ. ಅದು ಕಳೆದು ಆಗಮನ ಕಾಲ ಆರಂಭವಾಯಿತೆಂದರೆ ನಮ್ಮ ಗಾನವೃಂದಗಳಿಗೆ ಬಿಡುವಿಲ್ಲ. ಕ್ಯಾರಲ್ ಅಭ್ಯಾಸ, ಕ್ರಿಸ್ತಜಯಂತಿಯ ರಾತ್ರಿ ಬಲಿಪೂಜೆ, ಪಾಲಕ ಸಂತರ ಹಬ್ಬ, ಹಬ್ಬದ ಸಂಜೆಯ ಕಾರ್ಯಕ್ರಮ, ಮದುವೆಗಳು. ಇವೆಲ್ಲಕ್ಕೂ ಗಿಟಾರ್ ಹೊತ್ತು ಓಡಾಡುವವರು ನಮ್ಮ ಮನೆಗಳ ಹುಡುಗ ಹುಡುಗಿಯರೇ. ಅವರು ತಂದೆತಾಯಿಯರ ಬಳಿಯೋ ಗುರುಗಳ ಬಳಿಯೋ ಬಂದು ಆಂಪ್ಲಿಫೈಯರ್ ಬೇಕೆಂದಾಗ, ಯಾವುದನ್ನು ಕೊಡಿಸಬೇಕೆಂದು ತಿಳಿಯದೆ ಅಂಗಡಿಯವರು ತೋರಿಸಿದ ದೊಡ್ಡ ಅಂಕಿಗೆ ಹಣ ಸುರಿಯುವುದುಂಟು. ಕಾಣಿಕೆ ಡಬ್ಬಿಯಿಂದ ಬಂದಿರಲಿ, ತಂದೆಯ ಸಂಬಳದಿಂದ ಬಂದಿರಲಿ, ಅದು ಬೆವರಿನ ಹಣವೇ.

ಗಿಟಾರ್ ದೇವಾಲಯಕ್ಕೆ ಹೊಸದೇನಲ್ಲ. 1818ರ ಕ್ರಿಸ್ಮಸ್ ಹಿಂದಿನ ರಾತ್ರಿ ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ‘ಸೈಲೆಂಟ್ ನೈಟ್’ ಮೊದಲ ಬಾರಿಗೆ ಕೇಳಿಬಂದದ್ದು ಗುರು ಜೋಸೆಫ್ ಮೋರ್ ಅವರ ಗಿಟಾರಿನೊಂದಿಗೇ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೈಪ್ ಆರ್ಗನ್ನಿಗೆ ಗೌರವದ ಸ್ಥಾನ ಕೊಟ್ಟು, ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಆದರೆ ವಾದ್ಯದ ಸದ್ದು ಹಾಡಿನ ಮಾತುಗಳನ್ನು ಮುಳುಗಿಸಬಾರದೆಂದು 1967ರ ‘ಮ್ಯೂಸಿಕಾಮ್ ಸಾಕ್ರಾಮ್’ ಎಚ್ಚರಿಸುತ್ತದೆ. ನಮ್ಮ ಆಯ್ಕೆಗೆ ಇದೇ ಮೊದಲ ಅಳತೆಗೋಲು.

ಗಿಟಾರಿನಿಂದ ಹೊರಡುವ ಸದ್ದು ಬಹಳ ಕ್ಷೀಣ. ಅದನ್ನು ತಿದ್ದಿ ಸಿದ್ಧಪಡಿಸುವುದು ಪ್ರಿ-ಆಂಪ್ ಅಥವಾ ಪ್ರೊಸೆಸರ್. ಸ್ಪೀಕರ್ ಅಲುಗಿಸುವ ಬಲ ಕೊಡುವುದು ಪವರ್ ಆಂಪ್ಲಿಫೈಯರ್. ಗಿಟಾರಿನ ವೈರನ್ನು ನೇರ ಪವರ್ ಆಂಪಿಗೆ ಚುಚ್ಚಿ, ‘ಸೌಂಡೇ ಬರಲ್ಲ’ ಎಂದು ಅಂಗಡಿಗೆ ಮರಳಿಸಿದವರಿದ್ದಾರೆ, ತಪ್ಪು ಆಂಪಿನದಲ್ಲ. ಹಿಂದೆ ಈ ಬಲವನ್ನು ವಾಲ್ವುಗಳು ಕೊಡುತ್ತಿದ್ದವು. ಅವುಗಳ ನಾದವನ್ನು ಮೆಚ್ಚುವವರು ಇಂದಿಗೂ ಇದ್ದಾರೆ. ಆದರೆ ಭಾರ ಹೆಚ್ಚು, ಬೆಲೆ ಹೆಚ್ಚು, ವಾಲ್ವ್ ಸವೆದಾಗ ಬದಲಿಸುವ ಖರ್ಚು ಬೇರೆ. ಟ್ರಾನ್ಸಿಸ್ಟರಿನದು, ಅಂದರೆ ಸಾಲಿಡ್ ಸ್ಟೇಟ್, ಕೀಳೆಂದು ಭಾವಿಸಬೇಕಾಗಿಲ್ಲ. 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಸಾಲಿಡ್ ಸ್ಟೇಟ್ ಆಗಿಯೇ ಜಗತ್ತಿನ ವೇದಿಕೆಗಳಲ್ಲಿ ಹೆಸರು ಮಾಡಿತು.

ಇನ್ನು ವ್ಯಾಟ್. ಡಬ್ಬದ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ಅಂಕಿ ಬರೆದಿದ್ದರೆ ಅದನ್ನು ನಂಬಬೇಡಿ. ಆರ್‌ಎಂಎಸ್ ಎಷ್ಟು, ಎಷ್ಟು ಓಮ್‌ಗೆ ಎಂದು ಕೇಳಿ. 50 ವ್ಯಾಟಿಗಿಂತ 100 ವ್ಯಾಟ್ ಎರಡು ಪಟ್ಟು ಜೋರೆಂದು ಹಲವರ ಎಣಿಕೆ. ಹಾಗಲ್ಲ, ವ್ಯಾಟ್ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಸ್ವಲ್ಪ ಜೋರೆನಿಸುವಷ್ಟು. ಎರಡರಷ್ಟು ಜೋರೆನಿಸಲು ಸುಮಾರು 10 ಪಟ್ಟು ವ್ಯಾಟ್ ಬೇಕು! ಬದಲಿಗೆ ಸ್ಪೀಕರನ್ನು ನೋಡಿ. 1 ವ್ಯಾಟಿಗೆ 1 ಮೀಟರ್ ದೂರದಲ್ಲಿ 97 ಡೆಸಿಬೆಲ್ ಕೊಡುವುದರ ಜಾಗದಲ್ಲಿ 100 ಡೆಸಿಬೆಲ್ ಕೊಡುವ ಸ್ಪೀಕರ್ ಹಾಕಿದರೆ, ಆಂಪಿನ ವ್ಯಾಟ್ ಇಮ್ಮಡಿ ಮಾಡಿದಷ್ಟೇ ಫಲ. ಹಾಗೆಂದು ತೀರ ಚಿಕ್ಕದೂ ಬೇಡ. ಮಿತಿ ಮೀರಿದಾಗ ವಾಲ್ವ್ ಮೆತ್ತಗೆ ಒಡೆಯುತ್ತದೆ, ಟ್ರಾನ್ಸಿಸ್ಟರ್ ಕರ್ಕಶವಾಗಿ ಒಡೆಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ದೇವಾಲಯದೊಳಗೆ 50 ವ್ಯಾಟ್ ಧಾರಾಳ. ಡ್ರಮ್ಸ್ ಇರುವ ಹಬ್ಬದ ವೇದಿಕೆಗೆ 100ರಿಂದ 200. ಅದಕ್ಕೂ ದೊಡ್ಡ ಮೈದಾನವಾದರೆ ಸ್ಪೀಕರಿನ ಮುಂದೆ ಮೈಕ್ ಇಡುವುದೇ ಲೇಸು.

ಸಾಲಿಡ್ ಸ್ಟೇಟ್ ಆಂಪಿನಲ್ಲಿ ಓಮ್ ಕಡಿಮೆಯಾದಷ್ಟೂ ವ್ಯಾಟ್ ಹೆಚ್ಚು ಸಿಗುತ್ತದೆ. ಕ್ರೌನ್ ಕಂಪನಿಯ ಎಕ್ಸ್‌ಎಲ್‌ಎಸ್ 1002 ಒಂದೊಂದು ಚಾನೆಲ್‌ನಲ್ಲಿ 8 ಓಮ್‌ಗೆ 215 ವ್ಯಾಟ್, 4 ಓಮ್‌ಗೆ 350 ವ್ಯಾಟ್ ಕೊಡುತ್ತದೆ. ತೂಕ ಸುಮಾರು 4 ಕಿಲೋ ಅಷ್ಟೆ. ಗಿಟಾರಿಗೆಂದೇ ಮಾಡಿದ, ಪೆಡಲ್‌ಗಳ ಜೊತೆ ಚೀಲದಲ್ಲಿ ಹಿಡಿಯುವ ಎಲೆಕ್ಟ್ರೋ-ಹಾರ್ಮೋನಿಕ್ಸ್ 44 ಮ್ಯಾಗ್ನಮ್ 8 ಓಮ್‌ಗೆ 44 ವ್ಯಾಟಿನದು. ಬಸ್ಸಿನಲ್ಲಿ ಓಡಾಡುವ ಹುಡುಗರಿಗೆ ಇಂಥದ್ದೇ ಅನುಕೂಲ. ಎರಡು 8 ಓಮ್ ಬಾಕ್ಸುಗಳನ್ನು ಪ್ಯಾರಲಲ್ ಆಗಿ ಜೋಡಿಸಿದರೆ 4 ಓಮ್ ಆಗುತ್ತದೆ. ಆಂಪಿನ ಹಿಂದೆ ‘ಕನಿಷ್ಠ 4’ ಎಂದಿದ್ದರೆ ಮೂರನೆಯದನ್ನು ಸೇರಿಸುವಂತಿಲ್ಲ. ಆಂಪಿನಿಂದ ಬಾಕ್ಸಿಗೆ ಸ್ಪೀಕರ್ ವೈರನ್ನೇ ಬಳಸಿ, ಗಿಟಾರ್ ವೈರನ್ನಲ್ಲ.

ದುಡ್ಡು ಉಳಿಸಲು ದೇವಾಲಯದ ಮೈಕ್ ಸೆಟ್ಟಿನ ಆಂಪನ್ನೇ ಬಳಸೋಣವೆಂಬ ಯೋಚನೆ ಬರುವುದು ಸಹಜ. ಅಂಥ ಆಂಪುಗಳ ಹಿಂದೆ ಹಲವು ವೇಳೆ 4, 8, 16 ಓಮ್‌ಗಳ ಜೊತೆ 100 ವೋಲ್ಟ್ ಎಂಬ ತಿರುಪೂ ಇರುತ್ತದೆ. ದೂರದ ಹಾರ್ನ್‌ಗಳಿಗಾಗಿ ಇರುವ ವ್ಯವಸ್ಥೆ ಅದು. ಗಿಟಾರ್ ಬಾಕ್ಸನ್ನು ಅದಕ್ಕೆ ಜೋಡಿಸಿದರೆ ಬಾಕ್ಸೋ ಆಂಪೋ ಸುಟ್ಟೀತು. ಬಾಕ್ಸೇ ಬೇಡ, ಪ್ರೊಸೆಸರಿನಿಂದ ನೇರ ಮಿಕ್ಸರಿಗೆ ಕೊಡುತ್ತೇವೆಂದರೆ ಒಳ್ಳೆಯದೇ. ಆಗ ಪ್ರೊಸೆಸರಿನಲ್ಲಿ ‘ಕ್ಯಾಬಿನೆಟ್’ ಎಂಬುದನ್ನು ಆನ್ ಮಾಡಿ. ಇಲ್ಲದಿದ್ದರೆ ತಗಡು ಗೀರಿದಂತೆ ಕೇಳಿಸುತ್ತದೆ. ಗಿಟಾರ್ ಬಾಕ್ಸ್ ಬಳಸುವಾಗ ಆಫ್. ದೇವಾಲಯದಲ್ಲಿ ಮಾತ್ರ ನುಡಿಸುವವರು ಬೇರೆ ಆಂಪ್ ಕೊಳ್ಳುವ ಅಗತ್ಯವೇ ಇಲ್ಲ.

ಕೊನೆಗೆ ನಮ್ಮನ್ನು ಹೆಚ್ಚು ಕಾಡುವ ವಿಷಯ. ಗುಂಯ್ ಎನ್ನುವ ಸದ್ದು ಬಂದೊಡನೆ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ಪಿನ್ ಕಿತ್ತುಹಾಕುವ ಅಭ್ಯಾಸ ಕೆಲವರಲ್ಲಿದೆ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ, ಸರಿಯಾಗಿ ಅರ್ತ್ ಆಗಿರದ ಮೈಕನ್ನು ಮುಟ್ಟಿ ವೇದಿಕೆಯಲ್ಲೇ ಪ್ರಾಣ ಕಳೆದುಕೊಂಡ. ಗಿಟಾರಿನ ತಂತಿ ಕೈಯಲ್ಲಿ, ಮೈಕ್ ತುಟಿಯ ಬಳಿ. ನಮ್ಮ ಮಕ್ಕಳು ನಿಲ್ಲುವುದೂ ಹಾಗೆಯೇ, ಕೆಲವೊಮ್ಮೆ ಡಿಸೆಂಬರಿನ ಇಬ್ಬನಿ ಬಿದ್ದ ಅಂಗಳದಲ್ಲಿ. ಆದ್ದರಿಂದ ಆಂಪಿಗೆಂದು ಕೂಡಿಟ್ಟ ಹಣದಲ್ಲಿ ಸ್ವಲ್ಪ ತೆಗೆದಿಟ್ಟು, ಹಬ್ಬಕ್ಕೆ ಮುಂಚೆಯೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ದೇವಾಲಯದ ಪ್ಲಗ್ ಪಾಯಿಂಟುಗಳ ಅರ್ತನ್ನು ಪರೀಕ್ಷಿಸಿ. ವೇದಿಕೆಗೆ ಜನರೇಟರ್ ತರಿಸಿದರೆ ಅದರ ಅರ್ತನ್ನೂ ಅವನಿಂದಲೇ ನೋಡಿಸಿ.