ಚಾಪರ್ ಕಟ್ಟೋ ಮುಂಚೆ ಫ್ರೇಮ್ ನೋಡ್ರಿ

ಕಸ್ಟಮ್ ಬೈಕ್ ಅಂದಕೂಡಲೇ ಎಲ್ಲರ ಕಣ್ಣು ಹೋಗೋದು ಟ್ಯಾಂಕು, ಹ್ಯಾಂಡಲ್, ಸೈಲೆನ್ಸರ್ ಮೇಲೆ. ಆದರೆ ಬೈಕನ್ನ ಚಾಪರ್ ಮಾಡೋದು ಫ್ರೇಮ್. 1969ರ ‘ಈಸಿ ರೈಡರ್’ ಸಿನಿಮಾದಲ್ಲಿ ಕಂಡ ಆ ಉದ್ದನೆಯ ಮುಂಗಾಲಿನ ರೂಪ ಹುಟ್ಟಿದ್ದೇ ಫ್ರೇಮಿನ ಕೋನ ಬದಲಿಸಿದ್ದರಿಂದ.

ಬಾದಾಮಿಯ ನಮ್ಮ ಮನೆಯಲ್ಲಿ ಕೆಲವು ತಿಂಗಳಿಂದ ಇದೇ ಚರ್ಚೆ. ತೀರಿಕೊಂಡ ನಮ್ಮ ಕಾಕಾನ ಹಳೇ ಬುಲೆಟ್ 350 ಪಡಸಾಲೆಯಲ್ಲಿ ನಿಂತಿದೆ. “ಅಣ್ಣಾ, ರೆಡಿಮೇಡ್ ಫ್ರೇಮ್ ಸಿಗ್ತಾವ. ಇಂಜಿನ್ ಎತ್ತಿ ಅದರಾಗ ಕೂಡ್ಸಿದ್ರ ಆತು” ಅಂತಾನೆ ಅವರ ಮಗ. “ನಿಮ್ಮಪ್ಪನ ಗಾಡಿಗೆ ಗರಗಸ ಹಚ್ಚಬ್ಯಾಡ” ಅಂತಾರೆ ಚಿಗವ್ವ. ಮೆಕ್ಯಾನಿಕಲ್ ಓದಿದವನು ಅಂತ ಇಬ್ಬರೂ ನನ್ನ ಮುಖ ನೋಡ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಕೋನದ ಲೆಕ್ಕ

ಹ್ಯಾಂಡಲ್ ತಿರುಗುವ ಕೊಳವೆಗೆ ನೆಕ್ ಅಂತಾರೆ. ಅದು ನೇರ ನಿಲ್ಲದೆ ಹಿಂದಕ್ಕೆ ವಾಲಿರುವ ಕೋನವೇ ರೇಕ್. ಆ ಗೆರೆಯನ್ನು ನೆಲದವರೆಗೆ ಎಳೆದರೆ, ಅದು ಮುಟ್ಟುವ ಜಾಗಕ್ಕೂ ಟೈರ್ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ ಟ್ರೇಲ್.

19 ಇಂಚಿನ ಗಾಲಿ, 60 ಮಿ.ಮೀ. ಆಫ್‌ಸೆಟ್ ಹಿಡಿದು ನಾನೇ ಲೆಕ್ಕ ಹಾಕಿದೆ. ರೇಕ್ 27 ಡಿಗ್ರಿ ಇದ್ದರೆ ಟ್ರೇಲ್ ಸುಮಾರು 97 ಮಿ.ಮೀ. ಅದೇ ರೇಕ್ 40 ಡಿಗ್ರಿ ಮಾಡಿದರೆ ಸುಮಾರು 193, ಅಂದರೆ ಹೆಚ್ಚುಕಮ್ಮಿ ಎರಡು ಪಟ್ಟು.

ಹುನಗುಂದ–ಇಳಕಲ್ ಹೆದ್ದಾರಿಯಂಥ ನೇರ ರಸ್ತೆಯಲ್ಲಿ ಇಂಥ ಗಾಡಿ ಹಳಿ ಮೇಲಿನ ರೈಲಿನಂತೆ ಹೋಗುತ್ತೆ. ಬಾದಾಮಿ ಪೇಟೆಯ ಓಣಿಗೆ ತಂದರೆ ಕಥೆ ಬೇರೆ. ನಿಧಾನಕ್ಕೆ ತಿರುಗಿಸುವಾಗ ಹ್ಯಾಂಡಲ್ ತಾನಾಗೇ ಒಂದು ಕಡೆ ಬೀಳುತ್ತೆ, ಅದನ್ನು ತೋಳಬಲದಿಂದ ಹಿಡಿಯಬೇಕು. ಬನಶಂಕರಿ ಜಾತ್ರೆಯ ಗದ್ದಲದಲ್ಲಿ ಇದನ್ನು ನಡೆಸೋದು ಊಹಿಸಿಕೊಳ್ಳಿ. ಫೋರ್ಕ್ ಹಿಡಿಯುವ ಟ್ರಿಪಲ್ ಟ್ರೀಗೆ ಕೋನ ಕೊಟ್ಟು ಟ್ರೇಲ್ ಕಮ್ಮಿ ಮಾಡಬಹುದು. ಆದರೆ ಅತಿಯಾದರೆ ವೇಗದಲ್ಲಿ ಹ್ಯಾಂಡಲ್ ನಡುಗುತ್ತೆ.

ಹಿಂಗಾಲಿಗೆ ಸ್ಪ್ರಿಂಗ್ ಬೇಕಾ?

ಹಾರ್ಡ್‌ಟೇಲ್ ಫ್ರೇಮಿಗೆ ಹಿಂದೆ ಶಾಕ್ ಅಬ್ಸಾರ್ಬರ್ ಇಲ್ಲ. ನೋಡೋಕೆ ಚೆಂದ. ಆದರೆ ಪ್ರತಿ ತಗ್ಗು, ಪ್ರತಿ ಹಂಪ್ ನೇರ ಬೆನ್ನಿಗೆ ಬರುತ್ತೆ. ವೆಲ್ಡಿಂಗಿಗೂ ಅದೇ ಏಟು. ಶಾಕ್ ಅಬ್ಸಾರ್ಬರನ್ನು ಕಾಣದಂತೆ ಅಡಗಿಸುವ ಸಾಫ್ಟೇಲ್ ವಿನ್ಯಾಸವನ್ನು ಹಾರ್ಲೆ-ಡೇವಿಡ್ಸನ್ 1984ರ ಮಾಡೆಲ್‌ನಲ್ಲಿ ತಂದಿತ್ತು. ನಮ್ಮ ರಸ್ತೆಗೆ, ಹಿಂದೆ ಒಬ್ಬರು ಕೂರುವುದಿದ್ದರಂತೂ, ಇದೇ ವಾಸಿ.

ಹಳೇ ಬುಲೆಟ್‌ನ ಇನ್ನೊಂದು ಗುಟ್ಟು: ಅದರ ಇಂಜಿನ್ ಕೆಳಗೆ ಫ್ರೇಮಿನ ಪೈಪ್ ಹಾದುಹೋಗಿಲ್ಲ. ಇಂಜಿನ್ನೇ ಮುಂದಿನ ಮತ್ತು ಹಿಂದಿನ ಪೈಪುಗಳನ್ನು ಸೇತುವೆಯಂತೆ ಜೋಡಿಸುತ್ತೆ. ಹೊಸ ಫ್ರೇಮಿನ ಬೋಲ್ಟ್ ತೂತು ಸ್ವಲ್ಪ ಆಚೀಚೆ ಆದರೂ ಇಂಜಿನ್ ಮೇಲೆ ಒತ್ತಡ ಬೀಳುತ್ತೆ, ಚೈನ್ ಸೊಟ್ಟ ಓಡುತ್ತೆ. ಆದ್ದರಿಂದ ಜಿಗ್‌ನಲ್ಲಿ ಕೂಡಿಸಿ, ಸೀಮ್‌ಲೆಸ್ ಪೈಪಿನಲ್ಲಿ ಮಾಡಿದ ಫ್ರೇಮ್ ಮಾತ್ರ ನೋಡಬೇಕು. ಗೇಟು, ಕಿಟಕಿ ಗ್ರಿಲ್ ಮಾಡುವ ಅಂಗಡಿಯ ಕೆಲಸ ಇದಲ್ಲ. ನೆಕ್ ಹತ್ತಿರದ ಒಂದು ವೆಲ್ಡಿಂಗ್ ಬಿಟ್ಟರೆ ಮುಂಗಾಲಿ ಕಳಚಿ ಹೋಗುತ್ತೆ.

ಆರ್‌ಸಿ ಏನು ಹೇಳುತ್ತೆ?

ಇಲ್ಲೇ ಬಹಳ ಜನ ಸಿಕ್ಕಿಬೀಳೋದು. ನಿಮ್ಮ ಕೆಎ 29 ನಂಬರಿನ ಹಿಂದಿರುವ ಅಸಲಿ ಗುರುತು ಫ್ರೇಮ್ ಮೇಲೆ ಕೆತ್ತಿದ ಚಾಸಿ ನಂಬರ್. ಫ್ರೇಮ್ ಬದಲಾದರೆ ಆ ಗುರುತೇ ಹೋಯಿತು. ಹಳೇ ನಂಬರ್ ಕತ್ತರಿಸಿ ಹೊಸ ಫ್ರೇಮಿಗೆ ಬೆಸೆಯೋದು ಅಪರಾಧ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ, ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದರೆ ವಿಮೆ ಹಣಕ್ಕೂ ತಕರಾರು ಬರಬಹುದು. ಎದುರಿನವರಿಗೆ ಪೆಟ್ಟಾಗಿದ್ದರೆ ಅದರ ಭಾರ ಮನೆ ಮೇಲೆ ಬೀಳುತ್ತೆ. ಚಿಗವ್ವನ ಭಯಕ್ಕೆ ಅರ್ಥವಿದೆ.

ಹಂಗಾದ್ರ ಏನ್ ಮಾಡ್ಬೇಕು?

ರಸ್ತೆಯಲ್ಲಿ ಓಡಿಸೋ ಆಸೆ ಇದ್ದರೆ ಮೂಲ ಫ್ರೇಮ್ ಮುಟ್ಟಬೇಡಿ. ಒಂಟಿ ಸೀಟು, ಬೇರೆ ಹ್ಯಾಂಡಲ್, ಮಡ್‌ಗಾರ್ಡ್ ಹೀಗೆ ಬೋಲ್ಟ್ ಬಿಚ್ಚಿದರೆ ಮೊದಲಿನಂತೆ ಆಗುವ ಕೆಲಸಗಳನ್ನಷ್ಟೇ ಯೋಚಿಸಿ, ಅವನ್ನೂ ಆರ್‌ಟಿಒದಲ್ಲಿ ಕೇಳಿಕೊಂಡು. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ಆ ಗತ್ತು ಕಂಪನಿಯಿಂದಲೇ ಬೇಕಂದರೆ ಜಾವಾ 42 ಬಾಬರ್, 2024ರ ನವೆಂಬರ್‌ನಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಗೋವನ್ ಕ್ಲಾಸಿಕ್ 350 ಇವೆ. ಚಾಪರ್‌ನಷ್ಟು ಉದ್ದ ಇಲ್ಲದಿದ್ದರೂ ಕಾಗದಪತ್ರ ಸರಿಯಿರುತ್ತೆ.

ಪೂರ್ತಿ ಚಾಪರೇ ಬೇಕು ಅನ್ನೋರು ಪ್ರದರ್ಶನಕ್ಕೆಂದೇ, ರಸ್ತೆಗೆ ಇಳಿಸದ ಗಾಡಿ ಕಟ್ಟಬಹುದು. ಆಗಲೂ ಅಡ್ವಾನ್ಸ್ ಕೊಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ರೇಕ್ ಎಷ್ಟು, ಅದಕ್ಕೆ ಟ್ರೇಲ್ ಎಷ್ಟು? ಪೈಪಿನ ದಪ್ಪ ಎಷ್ಟು? ನನ್ನ ಇಂಜಿನ್ನಿಗೇ ಅಳತೆ ತೆಗೆದಿದ್ದಾ? ಬಿಲ್ ಕೊಡ್ತೀರಾ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ನನ್ನ ತಮ್ಮ ಸದ್ಯಕ್ಕೆ ಗರಗಸ ಕೆಳಗಿಟ್ಟಿದ್ದಾನೆ. ಮೊದಲು ಕಾರ್ಬುರೇಟರ್ ತೊಳೆದು, ಗಾಡಿ ಸ್ಟಾರ್ಟ್ ಮಾಡಿ, ಚಿಗವ್ವನ್ನ ಕೂರಿಸಿಕೊಂಡು ಪಟ್ಟದಕಲ್ಲಿಗೆ ಹೋಗಿಬರ್ತಾನಂತೆ. ಹಿಂದಿನ ಸೀಟ್ ತೆಗೆಯೋ ಮಾತು ಆಮೇಲೆ.